ಗೊರಕೆಯ ಸಾಕ್ಷ್ಯ

ಗೊರಕೆಗೆ ನಗದ ಮನೆ ನಮ್ಮ ಸೀಮೆಯಲ್ಲಿ ಇಲ್ಲವೆಂದೇ ಹೇಳಬಹುದು. ವೀರಣ್ಣನವರ ನಾಟಕ ಮಂಡಲಿಯಿಂದ ನಾಡಿಗೆಲ್ಲ ಹೆಸರಾದ ಗುಬ್ಬಿಯಲ್ಲಿ ನಾವು ಬಹುಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದೆವು. ಆ ಊರಿನ ಹುಡುಗರಿಗೆ ವೇಷ ಕಟ್ಟುವುದು ಹುಟ್ಟುಗುಣ. ಶಾಲೆಯ ವಾರ್ಷಿಕೋತ್ಸವಕ್ಕೆ ಕುಂಭಕರ್ಣನನ್ನು ಎಬ್ಬಿಸುವ ಪ್ರಸಂಗವನ್ನು ಆಡಿಸಿದಾಗಲೆಲ್ಲ, ರಾಮನ ವೇಷದವನಿಗೆ ಬಾರದ ಚಪ್ಪಾಳೆ ಗೊರಕೆ ಹೊಡೆಯುವವನಿಗೆ ಬರುತ್ತಿತ್ತು. ಹುಡುಗನು ಗುಡುಗಿನಂತೆ ಉಸಿರೆಳೆದು, ನಡುವೆ ಒಮ್ಮೆಲೇ ನಿಲ್ಲಿಸಿ, ಇನ್ನೇನಾಯಿತೋ ಎಂದು ಸಭೆಯೆಲ್ಲ ಕಾಯುತ್ತಿರುವಾಗ ಬುಸ್ಸೆಂದು ಬಿಡುವನು. ಆ ನಡುವಣ ಮೌನಕ್ಕೇ ಎಲ್ಲಕ್ಕಿಂತ ದೊಡ್ಡ ನಗೆ. ಅದು ನಗತಕ್ಕ ವಿಷಯವಲ್ಲವೆಂದು ನಮಗೆ ತಿಳಿದದ್ದು ಅರುವತ್ತರ ಸಮೀಪಕ್ಕೆ ಬಂದ ಮೇಲೆ, ತುಮಕೂರಿನ ಒಂದು ಆಸ್ಪತ್ರೆಯ ಕೊಠಡಿಯಲ್ಲಿ.

ಮೂರು ವರ್ಷಗಳ ಹಿಂದಿನ ಮಾತು. ಕುಣಿಗಲಿನಲ್ಲಿರುವ ನಮ್ಮ ಭಾವನವರಿಗೆ ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಶಸ್ತ್ರಚಿಕಿತ್ಸೆ ಅವಶ್ಯವೆಂದು ವೈದ್ಯರು ಹೇಳಿದ್ದರಿಂದ, ಅವರೂ ನಮ್ಮ ತಂಗಿಯೂ ತುಮಕೂರಿಗೆ ಬಂದು ನಮ್ಮಲ್ಲಿ ಇಳಿದುಕೊಂಡರು. ಹಿಂದಿನ ದಿನ ಅರಿವಳಿಕೆಯ ವೈದ್ಯರು ಬಂದು ಒಂದೊಂದಾಗಿ ಪ್ರಶ್ನೆ ಕೇಳತೊಡಗಿದರು. ವಯಸ್ಸೆಷ್ಟು, ರಕ್ತದ ಒತ್ತಡವುಂಟೆ, ಹಿಂದೆ ಯಾವುದಾದರೂ ಚಿಕಿತ್ಸೆ ಆಗಿತ್ತೆ. ಬಳಿಕ, "ಗೊರಕೆ ಹೊಡೆಯುವಿರಾ?" ಎಂದರು. ಭಾವನವರು, "ಗಂಡಸರೆಂದ ಮೇಲೆ ಅದಿಲ್ಲದೆ ಇರುತ್ತದೆಯೆ ಸ್ವಾಮಿ?" ಎಂದು ನಕ್ಕರು. ನಾವೂ ನಕ್ಕೆವು. "ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಮನೆಯಲ್ಲಿ ಯಾರಾದರೂ ಕಂಡಿದ್ದಾರೆಯೆ?" ಎಂದು ವೈದ್ಯರು ಮತ್ತೆ ಕೇಳಿದರು. "ಅಂಥದೇನೂ ಇಲ್ಲ" ಎಂದು ಭಾವನವರೇ ಉತ್ತರ ಕೊಟ್ಟರು. ತಂಗಿ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು. ಆಕೆಯನ್ನು ಯಾರೂ ಕೇಳಲಿಲ್ಲ. ಆಕೆಯೂ ಬಾಯಿ ಬಿಡಲಿಲ್ಲ.

ಶಸ್ತ್ರಚಿಕಿತ್ಸೆ ನಿರ್ವಿಘ್ನವಾಗಿ ನೆರವೇರಿತು. ಆ ರಾತ್ರಿ ನಾವು ಜತೆಯಲ್ಲಿದ್ದೆವು. ನೋವಿಗೆ ಕೊಟ್ಟ ಔಷಧದಿಂದ ಭಾವನವರು ಗಾಢನಿದ್ರೆಗೆ ಇಳಿದರು. ಗೊರಕೆ ಏರಿತು, ಏರಿ ನಿಂತಿತು. ಎದೆ ಎದ್ದು ಬೀಳುತ್ತಿತ್ತು, ಆದರೆ ಮೂಗಿನಲ್ಲಿ ಗಾಳಿಯಾಡುತ್ತಿರಲಿಲ್ಲ. ಗುಬ್ಬಿಯ ಹುಡುಗನ ಆ ಮೌನವೇ ಇದು ಎಂದು ನಮಗೆ ಹೊಳೆಯುವುದರೊಳಗೆ ಬೆರಳಿಗೆ ಸಿಕ್ಕಿಸಿದ್ದ ಯಂತ್ರವು ಕೂಗಿತು, ದಾದಿ ಓಡಿಬಂದಳು. ಭುಜ ಹಿಡಿದು ಅಲ್ಲಾಡಿಸಿ, ಹೆಸರು ಹಿಡಿದು ಕರೆದು, ಗಲ್ಲವನ್ನು ಮೇಲಕ್ಕೆತ್ತಿದ ಮೇಲೆ ಉಸಿರು ಬಂತು. ವೈದ್ಯರು ಬಂದು ತಲೆಯ ಕಡೆ ಮಂಚವನ್ನು ಎತ್ತರಿಸಿ, ನೋವಿನ ಔಷಧವನ್ನು ಬದಲಾಯಿಸಿ, ಬೆಳಗಿನವರೆಗೆ ಕಾವಲಿಟ್ಟರು. ಮರುದಿನ ತಂಗಿ ನಮ್ಮನ್ನು ಹೊರಗೆ ಕರೆದು, "ಅಣ್ಣಯ್ಯ, ಹನ್ನೆರಡು ವರ್ಷದಿಂದ ನಾನು ರಾತ್ರಿ ಎದ್ದೆದ್ದು ಅವರ ಭುಜ ಅಲ್ಲಾಡಿಸುತ್ತಿದ್ದೇನೆ" ಎಂದಳು. ನಿನ್ನೆಯೇ ಏಕೆ ಹೇಳಲಿಲ್ಲವೆಂದರೆ, "ನೀವೆಲ್ಲ ನಗುತ್ತಿದ್ದಿರಿ" ಎಂದಳು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ರೋಗವನ್ನು ವೈದ್ಯರು 'ಸ್ಲೀಪ್ ಆಪ್ನಿಯ' ಎನ್ನುವರು. ಆಪ್ನಿಯ ಎಂಬುದು ಗ್ರೀಕ್ ಮಾತು, ಉಸಿರಿಲ್ಲದಿರುವಿಕೆ ಎಂದರ್ಥ. ಮೊದಲಿನ ಅಕಾರವು ನಮ್ಮ 'ಅಧರ್ಮ', 'ಅಜ್ಞಾನ'ಗಳಲ್ಲಿ ಬರುವ ನಿಷೇಧಾರ್ಥದ ಅಕಾರವೇ. ಸ್ವರ ಪರವಾದಾಗ ಅದು 'ಅನ್' ಆಗುವುದೂ ಎರಡು ಭಾಷೆಗಳಲ್ಲಿ ಸಮಾನ. ನಮ್ಮ 'ಅನಂತ'ದಂತೆಯೇ ಅವರ 'ಅನೀಸ್ತೀಸಿಯ', ಎಂದರೆ ಸ್ಪರ್ಶಾದಿ ಅರಿವಿಲ್ಲದಿರುವಿಕೆ. 1846ನೆಯ ಇಸವಿ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರ್ ಎಂಬ ದ್ರವ್ಯದ ಆವಿಯನ್ನು ಕೊಟ್ಟು ರೋಗಿಗೆ ಅರಿವಿಲ್ಲದಂತೆ ಮಾಡಿ ತೋರಿಸಿದ ಮೇಲೆ, ಹೋಮ್ಸ್ ಎಂಬ ವೈದ್ಯ ಪಂಡಿತನು ಈ ಸ್ಥಿತಿಗೆ ಆ ಗ್ರೀಕ್ ಹೆಸರನ್ನು ಸೂಚಿಸಿದನು. ಶಬ್ದಶಾಸ್ತ್ರಕ್ಕೆ ಕೈಹಾಕಿದರೆ ನಮ್ಮ ಲೇಖನಿ ನಿಲ್ಲುವುದಿಲ್ಲವೆಂದು ವಾಚಕರು ಬಲ್ಲರು. ಆದರೂ ಇನ್ನೊಂದು ಮಾತನ್ನು ಹೇಳದಿರಲಾರೆವು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲ ದೇಹದವರಿಗೆ ಒದಗುವ ಬಾಧೆಗಳನ್ನು ಎಣಿಸುವಾಗ, ಮೇಲುಸಿರು, ಬಾಯಾರಿಕೆ, ಹಸಿವು, ಅತಿನಿದ್ರೆ, ಬೆವರು ಇವುಗಳೊಡನೆ 'ಕ್ರಥನ' ಎಂಬುದೊಂದನ್ನು ಹೇಳಿದೆ. ಉಸಿರು ಹಠಾತ್ತಾಗಿ ತಡೆಯುವುದೆಂದೂ, ಗಂಟಲಿನ ಗುರುಗುರು ಶಬ್ದವೆಂದೂ ವ್ಯಾಖ್ಯಾನಕಾರರು ಇದಕ್ಕೆ ಅರ್ಥ ಮಾಡುವರು. ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾಧಿಸುವ ಚಪಲ ನಮಗಿಲ್ಲ. ಅತಿನಿದ್ರೆಯ ಪಕ್ಕದಲ್ಲಿ ಉಸಿರ ತಡೆಯನ್ನು ಇಟ್ಟವರು ಮಲಗಿದವರನ್ನು ಚೆನ್ನಾಗಿ ನೋಡಿದವರು ಎಂದಷ್ಟೇ ನಮ್ಮ ಅಭಿಪ್ರಾಯ. ನಾವಾದರೋ ಆ ಶಬ್ದವನ್ನು ಓದಿದ್ದೆವು. ಭಾವನವರ ಮಂಚದ ಬಳಿ ಕುಳಿತಾಗ ಅದು ನೆನಪಿಗೆ ಬರಲಿಲ್ಲ.

ಇದು ಆಗುವ ಬಗೆ ಹೇಗೆಂದರೆ: ಎಚ್ಚರವಾಗಿರುವಾಗ ಗಂಟಲಿನ ಮಾಂಸಖಂಡಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುವುವು. ನಿದ್ರೆಯಲ್ಲಿ ಅವು ಸಡಿಲುವುವು. ಅಂಗಾತ ಮಲಗಿದವರ ನಾಲಗೆ ಹಿಂದಕ್ಕೆ ಜಾರುವುದು. ದಾರಿ ಕಿರಿದಾದರೆ ಗೊರಕೆ; ಪೂರ್ತಿ ಮುಚ್ಚಿದರೆ ಉಸಿರೇ ಇಲ್ಲ. ಹತ್ತು ಸೆಕೆಂಡಿಗೆ ಕಡಮೆಯಿಲ್ಲದೆ ಹೀಗೆ ನಿಂತರೆ ಅದನ್ನು ಒಂದು ತಡೆಯೆಂದು ಲೆಕ್ಕ ಹಿಡಿಯುವರು. ರಕ್ತದಲ್ಲಿ ಪ್ರಾಣವಾಯು ತಗ್ಗುತ್ತಲೇ ಮೆದುಳು ಗಾಬರಿಗೊಂಡು ನಿದ್ರೆಯನ್ನು ಅರೆಕ್ಷಣ ಮುರಿಯುವುದು, ಗಂಟಲು ಬಿಗಿಯುವುದು, ಬುಸ್ಸೆಂದು ಉಸಿರು ಬರುವುದು. ಮಲಗಿದವನಿಗೆ ಬೆಳಿಗ್ಗೆ ಇದಾವುದೂ ನೆನಪಿರದು. ಗಂಟೆಗೆ ಐದು ಸಲ ಮುಟ್ಟಿದರೆ ರೋಗದ ಮೊದಲ ಮೆಟ್ಟಲು, ಹದಿನೈದಕ್ಕೆ ಮಧ್ಯಮ, ಮೂವತ್ತನ್ನು ದಾಟಿದರೆ ತೀವ್ರ. ಮೂವತ್ತೆಂದರೆ ಎರಡು ನಿಮಿಷಕ್ಕೊಮ್ಮೆ. ಹಗಲಲ್ಲಿ ತೂಕಡಿಕೆ, ರಕ್ತದ ಒತ್ತಡ, ಹೃದಯಕ್ಕೆ ಆಯಾಸ, ಇವು ಇದರ ಹಿಂಬಾಲಕರು. ಸ್ಥೂಲಕಾಯರಿಗೇ ಇದು ಹೆಚ್ಚಾದರೂ, ದವಡೆ ಚಿಕ್ಕದಾಗಿ ಗಂಟಲು ಕಿರಿದಾದ ಕೃಶಕಾಯರಿಗೂ ಬರುವುದುಂಟು.

ಈಗ ಶಸ್ತ್ರಚಿಕಿತ್ಸೆಗೆ ಇದರ ಸಂಬಂಧವೇನೆಂಬುದು ಸ್ಪಷ್ಟವಾಗುತ್ತದೆ. ಪ್ರತಿರಾತ್ರಿಯೂ ರೋಗಿಯನ್ನು ಉಳಿಸುವುದು ಆ ಅರೆಕ್ಷಣದ ಎಚ್ಚರ. ಅರಿವಳಿಕೆಯ ಔಷಧವೂ, ಅಫೀಮಿನ ಜಾತಿಗೆ ಸೇರಿದ ಮಾರ್ಫಿನ್ ಮೊದಲಾದ ನೋವುಮದ್ದುಗಳೂ ಒಂದು ಕಡೆ ಗಂಟಲನ್ನು ಸಡಿಲಿಸುವುವು, ಇನ್ನೊಂದು ಕಡೆ ಆ ಎಚ್ಚರವನ್ನೇ ಮಂಕುಮಾಡುವುವು. ಕಳ್ಳನಿಗೆ ಬಾಗಿಲು ತೆರೆದು, ಮನೆಯ ನಾಯಿಗೆ ಮದ್ದು ಹಾಕಿದಂತೆ. ಮನೆಯಲ್ಲಿ ಹನ್ನೆರಡು ವರ್ಷ ನಡೆದುಬಂದದ್ದು ಆಸ್ಪತ್ರೆಯಲ್ಲಿ ಒಂದೇ ರಾತ್ರಿ ನಡೆಯದೆ ಹೋಗಬಹುದು.

ಈ ಅಪಾಯವನ್ನು ಮೊದಲೇ ಕಂಡುಹಿಡಿಯುವ ಕೆಲಸಕ್ಕೆ ತಮ್ಮ ಬಾಳಿನ ಬಹುಭಾಗವನ್ನು ಕೊಟ್ಟ ವಿದುಷಿಯೊಬ್ಬರ ವಿಚಾರವನ್ನು ಹೇಳುವುದಕ್ಕಾಗಿಯೇ ನಾವು ಈ ತಿಂಗಳು ಲೇಖನಿಯನ್ನು ಹಿಡಿದದ್ದು. ಫ್ರಾನ್ಸೆಸ್ ಚುಂಗ್ ಎಂಬುದು ಆಕೆಯ ಹೆಸರು. ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಅರಿವಳಿಕೆ ಶಾಸ್ತ್ರದ ಪ್ರಾಧ್ಯಾಪಕಿಯಾಗಿ, ಟೊರಾಂಟೊ ವೆಸ್ಟರ್ನ್ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಸಿದವರು. ನಿದ್ರೆಯ ವಿಷಯಕ್ಕೆ ಬರುವ ಮೊದಲೇ ಆಕೆಯ ಮನಸ್ಸು ಒಂದು ಬಗೆಯ ಕೆಲಸಕ್ಕೆ ಒಲಿದಿತ್ತು. ಶಸ್ತ್ರಚಿಕಿತ್ಸೆಯಾದ ದಿನವೇ ಮನೆಗೆ ಕಳುಹಿಸುವ ಪದ್ಧತಿ ಬೆಳೆಯುತ್ತಿದ್ದ ಕಾಲ. ಯಾರನ್ನು ಕಳುಹಿಸಬಹುದು, ಯಾರನ್ನು ಕೂಡದು? ಅನುಭವಿಗಳ ಊಹೆಗೆ ಬಿಟ್ಟಿದ್ದ ಈ ಪ್ರಶ್ನೆಗೆ ಆಕೆಯೂ ಸಂಗಡಿಗರೂ 1995ರಲ್ಲಿ ಐದು ಅಂಶಗಳ ಒಂದು ಲೆಕ್ಕವನ್ನು ಪ್ರಕಟಿಸಿದರು: ನಾಡಿ ಮತ್ತು ರಕ್ತದ ಒತ್ತಡ, ನಡೆದಾಡುವ ಶಕ್ತಿ, ವಾಕರಿಕೆ, ನೋವು, ರಕ್ತಸ್ರಾವ. ಒಂದೊಂದಕ್ಕೆ ಎರಡರವರೆಗೆ ಅಂಕ, ಹತ್ತಕ್ಕೆ ಒಂಬತ್ತು ಬಂದರೆ ಮನೆಗೆ. ನಾವು ಉಪಾಧ್ಯಾಯರಾದ ಕಾರಣವೋ ಏನೋ, ಈ ಅಂಕಪಟ್ಟಿ ನಮಗೆ ಬಹಳ ಹಿಡಿಸಿತು. ದೊಡ್ಡ ಯಂತ್ರವಿಲ್ಲ, ಹಣದ ವೆಚ್ಚವಿಲ್ಲ; ದಾದಿಯೊಬ್ಬಳು ಕಾಗದ ಹಿಡಿದು ಮಾಡಬಲ್ಲ ಕೆಲಸ.

ನಿದ್ರೆಯ ಉಸಿರ ತಡೆಗೂ ಆಕೆ ಹಿಡಿದದ್ದು ಇದೇ ಹಾದಿ. ರೋಗವನ್ನು ನಿಶ್ಚಯಿಸುವ ಪರೀಕ್ಷೆ ಆಗಲೇ ಇತ್ತು. ರಾತ್ರಿಯಿಡೀ ಪ್ರಯೋಗಶಾಲೆಯಲ್ಲಿ ಮಲಗಿಸಿ, ತಲೆಗೂ ಎದೆಗೂ ತಂತಿಗಳನ್ನು ಅಂಟಿಸಿ, ಮೆದುಳು, ಉಸಿರು, ಪ್ರಾಣವಾಯು ಇವುಗಳನ್ನು ಬರೆದುಕೊಳ್ಳುವುದು. ಇದರ ಹೆಸರು ಪಾಲಿಸಾಮ್ನೋಗ್ರಫಿ. ನಡುವಿನ 'ಸಾಮ್ನ' ಲ್ಯಾಟಿನ್ನಿನದು, ನಮ್ಮ 'ಸ್ವಪ್ನ'ದ ಒಡಹುಟ್ಟು. (ಇದೇ ಕೊನೆ, ಇನ್ನು ಶಬ್ದಶಾಸ್ತ್ರವಿಲ್ಲ.) ಆದರೆ ಶಸ್ತ್ರಚಿಕಿತ್ಸೆಗೆ ಬಂದ ಸಹಸ್ರಾರು ಜನರನ್ನು ಹೀಗೆ ಮಲಗಿಸಿ ನೋಡುವುದು ಯಾವ ದೇಶಕ್ಕೂ ಸಾಧ್ಯವಲ್ಲ. ಬಹುಮಂದಿಗೆ ತಮಗೆ ರೋಗವಿರುವುದೇ ತಿಳಿಯದು. ಆದ್ದರಿಂದ ಒಂದು ಜರಡಿ ಬೇಕಾಗಿತ್ತು. ಚುಂಗ್ ಅವರೂ ಅವರ ಸಂಗಡಿಗರೂ 2,467 ಮಂದಿ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ಪ್ರಶ್ನೆಗಳನ್ನು ಕೊಟ್ಟು, ಅವರಲ್ಲಿ 211 ಮಂದಿಯನ್ನು ರಾತ್ರಿಯ ಪರೀಕ್ಷೆಗೂ ಒಳಪಡಿಸಿ, ಉತ್ತರಗಳು ನಿಜದೊಡನೆ ಎಷ್ಟರಮಟ್ಟಿಗೆ ತಾಳೆಯಾಗುವುವೆಂದು ನೋಡಿ, 2008ರಲ್ಲಿ ಫಲವನ್ನು ಪ್ರಕಟಿಸಿದರು.

ಮೊದಲ ನಾಲ್ಕು ಪ್ರಶ್ನೆಗಳ ಆಂಗ್ಲ ಮೊದಲಕ್ಷರಗಳನ್ನು ಕೂಡಿಸಿದರೆ 'ಸ್ಟಾಪ್', ಎಂದರೆ ನಿಲ್ಲು, ಎಂದಾಗುವುದು. ಮುಚ್ಚಿದ ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ ಗೊರಕೆಯುಂಟೆ? ಹಗಲಲ್ಲಿ ಆಯಾಸವೋ ತೂಕಡಿಕೆಯೋ ಉಂಟೆ? ನಿದ್ರೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ಕಂಡಿರುವರೆ? ರಕ್ತದ ಒತ್ತಡವುಂಟೆ, ಅದಕ್ಕೆ ಔಷಧ ಸೇವಿಸುತ್ತಿರುವಿರಾ? ಉಳಿದ ನಾಲ್ಕಕ್ಕೆ 'ಬ್ಯಾಂಗ್' ಎಂದು ಹೆಸರು. ದೇಹದ ತೂಕ ಎತ್ತರಕ್ಕೆ ಮೀರಿದೆಯೆ? (ಇದಕ್ಕೊಂದು ಸೂಚ್ಯಂಕವುಂಟು, 35ನ್ನು ದಾಟಬಾರದು, 5 ಅಡಿ 5 ಅಂಗುಲ ಎತ್ತರದವನು ಸುಮಾರು 95 ಕಿಲೋಗ್ರಾಂ ತೂಗಿದರೆ ಅಷ್ಟಾಗುವುದು.) ವಯಸ್ಸು 50ನ್ನು ಮೀರಿತೆ? ಕತ್ತಿನ ಸುತ್ತಳತೆ 40 ಸೆಂಟಿಮೀಟರನ್ನು, ಎಂದರೆ ಸುಮಾರು 16 ಅಂಗುಲವನ್ನು ಮೀರಿತೆ? ಗಂಡಸೆ? ಹೌದೆಂಬ ಉತ್ತರಕ್ಕೆ ಒಂದೊಂದು ಅಂಕ. ಎರಡರವರೆಗೆ ಭಯ ಕಡಮೆ, ಮೂರು ನಾಲ್ಕಕ್ಕೆ ಮಧ್ಯಮ, ಐದಕ್ಕೆ ಮೇಲ್ಪಟ್ಟರೆ ಹೆಚ್ಚು. ರಾತ್ರಿಯ ಪರೀಕ್ಷೆಯಲ್ಲಿ ತೀವ್ರ ರೋಗವಿದೆಯೆಂದು ಕಂಡುಬಂದವರಲ್ಲಿ ಒಬ್ಬರೂ ಆ ಎಂಟು ಪ್ರಶ್ನೆಗಳ ಜರಡಿಯಿಂದ ತಪ್ಪಿಸಿಕೊಂಡಿರಲಿಲ್ಲ.

ಇಷ್ಟನ್ನು ಕೇಳಿ ಕೂಡಲೇ ಗಾಬರಿಪಡಬೇಕಾಗಿಲ್ಲ. ಜರಡಿಯಲ್ಲಿ ಕಾಳಿನೊಡನೆ ಕಲ್ಲೂ ನಿಲ್ಲುವುದು. ಅಂಕ ಹೆಚ್ಚು ಬಂದೂ ರೋಗವಿಲ್ಲದವರು ಅನೇಕರು ಇರುವರೆಂದು ಅದೇ ಸಂಶೋಧನೆ ಹೇಳಿದೆ. ಐವತ್ತು ದಾಟಿದ ಗಂಡಸಿಗೆ ಏನೂ ಇಲ್ಲದೆಯೇ ಎರಡು ಅಂಕ ಬಂದುಬಿಡುವುದನ್ನು ನೋಡಿ. ಇದು ತೀರ್ಪಲ್ಲ, ವಿಚಾರಣೆಗೆ ಕರೆಯುವ ಓಲೆ. ಇನ್ನೊಂದು ಕಡೆ, 35 ಎಂಬ ತೂಕದ ಎಲ್ಲೆಯು ಕೆನಡಾದ ರೋಗಿಗಳನ್ನು ನೋಡಿ ಇಟ್ಟದ್ದು. ಏಷ್ಯಾದ ಜನರಿಗೆ ಅದಕ್ಕಿಂತ ಕಡಮೆ ತೂಕದಲ್ಲಿಯೂ ಈ ರೋಗ ಬರುವುದನ್ನು ವೈದ್ಯರು ಗುರುತಿಸಿರುವರು. ನಮ್ಮವರು ತೂಕದ ಪ್ರಶ್ನೆಗೆ ಇಲ್ಲವೆಂದು ಬರೆದು ನಿಶ್ಚಿಂತರಾಗುವುದು ಯುಕ್ತವಲ್ಲ.

ಎಂಟು ಪ್ರಶ್ನೆಗಳಲ್ಲಿ ಆರಕ್ಕೆ ರೋಗಿಯೋ, ತಕ್ಕಡಿಯೋ, ಅಳತೆಯ ಟೇಪೋ ಉತ್ತರ ಕೊಡಬಲ್ಲವು. ಗೊರಕೆ ಮತ್ತು ಉಸಿರು ನಿಲ್ಲುವುದು, ಈ ಎರಡಕ್ಕೆ ಮಾತ್ರ ರೋಗಿಯ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಆಗ ಅವನು ನಿದ್ರೆಯಲ್ಲಿರುವನು. ಪಕ್ಕದಲ್ಲಿ ಮಲಗಿದವರೇ ಹೇಳಬೇಕು. ವೈದ್ಯಶಾಸ್ತ್ರದಲ್ಲಿ ಇಂಥ ಪ್ರಶ್ನೆಗಳು ಬಹಳವಿಲ್ಲ. ಚುಂಗ್ ಅವರ ಕಾಗದದಲ್ಲಿ ಮನೆಯಾಕೆಗೆ ಒಂದು ಸ್ಥಾನವುಂಟು. ನಮ್ಮ ಮನೆಗಳಲ್ಲಿ ಅದನ್ನು ಆಕೆಗೆ ಬಿಡುವವರು ಕಡಮೆ. ಗಂಡನ ಮುಂದೆ, ಅಣ್ಣನ ಮುಂದೆ, ಹೊರಗಿನ ಗಂಡಸಿನೆದುರು ಶಯನಗೃಹದ ಮಾತನ್ನು ಆಡುವುದು ಮರ್ಯಾದೆಯಲ್ಲವೆಂದು ಆಕೆಗೆ ಕಲಿಸಿದವರು ನಾವೇ.

ಮುಂದಿನ ಸಂಶೋಧನೆಗಳು ವಿಷಯವನ್ನು ಇನ್ನೂ ಗಂಭೀರಗೊಳಿಸಿದುವು. ಹಾಂಗ್‌ಕಾಂಗಿನ ಮ್ಯಾಥ್ಯೂ ಚಾನ್ ಅವರು ಚುಂಗ್ ಮೊದಲಾದವರೊಡನೆ ಸೇರಿ ಐದು ದೇಶಗಳ ಎಂಟು ಆಸ್ಪತ್ರೆಗಳಲ್ಲಿ, ಹೃದಯದ್ದಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗೆ ಬಂದ, ಈ ರೋಗವಿದೆಯೆಂದು ಎಂದೂ ಕೇಳದಿದ್ದ 1,218 ಮಂದಿಯನ್ನು ಪರೀಕ್ಷಿಸಿದರು. ಫಲವು 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚಿನವರಿಗೆ ರೋಗವಿತ್ತು. ನೂರಕ್ಕೆ 11 ಮಂದಿಗೆ ತೀವ್ರವಾಗಿತ್ತು. ತೀವ್ರವಾಗಿದ್ದವರಲ್ಲಿ ನೂರಕ್ಕೆ 30 ಮಂದಿ ಮೂವತ್ತು ದಿನಗಳೊಳಗೆ ಹೃದಯ ರಕ್ತನಾಳಗಳಿಗೆ ಸಂಬಂಧಪಟ್ಟ ತೊಂದರೆಗೆ ಗುರಿಯಾದರು. ರೋಗವಿಲ್ಲದವರಲ್ಲಿ ಈ ಸಂಖ್ಯೆ 14. ಇದಕ್ಕೂ ಮೊದಲು, 2014ರಲ್ಲಿ, ಚುಂಗ್ ಅವರು ರೋಗಿಗಳನ್ನು ಶಸ್ತ್ರಚಿಕಿತ್ಸೆಯ ಅನಂತರವೂ ರಾತ್ರಿ ರಾತ್ರಿ ಅಳೆದು ನೋಡಿ, ಉಸಿರಿನ ತಡೆಗಳು ಅತ್ಯಂತ ಹೆಚ್ಚುವುದು ಮೂರನೆಯ ರಾತ್ರಿಯೆಂದು ತೋರಿಸಿದ್ದರು. ಮೂರನೆಯ ರಾತ್ರಿ! ಅಷ್ಟು ಹೊತ್ತಿಗೆ ನೋಡಲು ಬಂದವರೆಲ್ಲ ಹಿಂದಿರುಗಿ, ರೋಗಿಯೂ ಎಷ್ಟೋ ವೇಳೆ ಮನೆ ಸೇರಿ, ಕೊಟ್ಟು ಕಳುಹಿಸಿದ ನೋವಿನ ಮಾತ್ರೆಯನ್ನು ನುಂಗಿ ಅಂಗಾತ ಮಲಗಿರುವನು. ಗೃಹಸ್ಥರು ಮೊದಲ ರಾತ್ರಿಗೆ ಮೀಸಲಿಟ್ಟ ಜಾಗರಣೆಯನ್ನು ಇನ್ನೆರಡು ರಾತ್ರಿಗೆ ಮುಂದುವರಿಸಬೇಕಾದ ಕಾರಣ ಇದು.

ಗೊತ್ತಾದರೆ ಉಪಾಯವುಂಟು. ಸಾಧ್ಯವಾದಾಗ ಪೂರ್ಣ ಮೂರ್ಛೆಯನ್ನು ಬಿಟ್ಟು ಬೇಕಾದ ಭಾಗಕ್ಕಷ್ಟೇ ಜೋಮು ಹಿಡಿಸುವರು. ಅಫೀಮು ಜಾತಿಯ ಮದ್ದನ್ನು ಮಿತಗೊಳಿಸಿ ಬೇರೆ ನೋವುಮದ್ದನ್ನು ಕೊಡುವರು. ಪೂರ್ತಿ ಎಚ್ಚರವಾದ ಮೇಲೆಯೇ ಗಂಟಲಿನ ನಳಿಗೆಯನ್ನು ತೆಗೆಯುವರು. ತಲೆ ಎತ್ತರಿಸಿ ಇಲ್ಲವೆ ಮಗ್ಗುಲಾಗಿ ಮಲಗಿಸುವರು. ಹಳೆಯ ರೋಗಿಯಾದರೆ ಆತನ ಗಾಳಿಯ ಯಂತ್ರವನ್ನು ಆಸ್ಪತ್ರೆಗೆ ತರಹೇಳುವರು. 'ಸಿ-ಪ್ಯಾಪ್' ಎಂಬ ಈ ಯಂತ್ರ ಮೂಗಿನ ಮುಸುಕಿನ ಮೂಲಕ ಒತ್ತಡದ ಗಾಳಿಯನ್ನು ಬಿಟ್ಟು ಗಂಟಲನ್ನು ತೆರೆದಿಡುವುದು. ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಐದು ಮಂದಿ ರೋಗಿಗಳಲ್ಲಿ ಇದನ್ನು ಪ್ರಯೋಗಿಸಿ 1981ರಲ್ಲಿ ಪ್ರಕಟಿಸಿದರು. ಆರಂಭದ ಯಂತ್ರಗಳಿಗೆ ಕಸ ಹೀರುವ ಯಂತ್ರದ ಮೋಟಾರನ್ನೇ ಬಳಸಿದ್ದರಂತೆ. ನಿದ್ರಾವೈದ್ಯರನ್ನೂ ಅರಿವಳಿಕೆಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಉದ್ದೇಶದಿಂದ 2011ರಲ್ಲಿ ಒಂದು ಸಂಘವೂ ಹುಟ್ಟಿತು. ಅದರ ಸ್ಥಾಪನೆಯಲ್ಲಿಯೂ ಚುಂಗ್ ಅವರ ಕೈಯಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರೆಯ ಸಂಶೋಧನೆಗೆಂದೇ ಪ್ರಯೋಗಶಾಲೆಯುಂಟು.

ಭಾವನವರು ಗುಣವಾಗಿ ಕುಣಿಗಲಿಗೆ ಹಿಂದಿರುಗಿದ ಮೇಲೆ ರಾತ್ರಿಯ ಪರೀಕ್ಷೆ ಮಾಡಿಸಿಕೊಂಡರು. ಗಂಟೆಗೆ ನಾಲ್ವತ್ತಕ್ಕೆ ಮೇಲ್ಪಟ್ಟ ತಡೆಗಳು ಕಂಡುಬಂದುವು. ಈಗ ಯಂತ್ರವನ್ನು ಧರಿಸಿ ಮಲಗುವರು. ಮೊದಲ ತಿಂಗಳು ಅದನ್ನು ಎರಡು ಸಲ ಅಟ್ಟಕ್ಕೆ ಎಸೆದರೆಂದೂ, ಎರಡು ಸಲವೂ ತಾನೇ ಇಳಿಸಿ ತಂದಳೆಂದೂ ತಂಗಿ ಹೇಳಿದಳು.

ಕಳೆದ ಮಾಘದಲ್ಲಿ ನಮ್ಮ ಸರದಿ ಬಂತು. ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆ. ಅದೇ ವೈದ್ಯರು, ಅದೇ ಕಾಗದ. ಗೊರಕೆಯ ಪ್ರಶ್ನೆ ಬಂದಾಗ ನಾವು, "ಇದಕ್ಕೆ ನಮ್ಮ ಮನೆಯವರನ್ನು ಕೇಳಬೇಕು" ಎಂದೆವು. ಆಕೆ ನಮ್ಮ ಮುಖ ನೋಡಿದರು, ವೈದ್ಯರ ಮುಖ ನೋಡಿದರು. ಆಮೇಲೆ ಹೇಳತೊಡಗಿದರು. ಗೊರಕೆಯುಂಟು, ಪಕ್ಕದ ಕೋಣೆಗೂ ಕೇಳುವುದು. ಉಸಿರು ನಿಲ್ಲುವುದೂ ಉಂಟು, ಅಂಗಾತ ಮಲಗಿದಾಗ ಹೆಚ್ಚು. ಮಧ್ಯಾಹ್ನ ಪುಸ್ತಕ ಹಿಡಿದರೆ ಎರಡನೆಯ ಪುಟಕ್ಕೇ ತೂಕಡಿಕೆ. ಈ ಕೊನೆಯದನ್ನು ನಾವು ಅಷ್ಟುದಿನ ಚಿಂತನೆಯೆಂದು ತಿಳಿದಿದ್ದೆವು. ರಕ್ತದ ಒತ್ತಡ, ವಯಸ್ಸು, ಗಂಡುತನ ಇವುಗಳನ್ನು ಸೇರಿಸಿ ವೈದ್ಯರು ಆರು ಎಂದು ಬರೆದು, ಕಾಗದದ ನೆತ್ತಿಯ ಮೇಲೆ ಕೆಂಪು ಗೆರೆ ಎಳೆದರು. "ಇಷ್ಟು ವರ್ಷ ಇದನ್ನು ನನಗೇಕೆ ತಿಳಿಸಲಿಲ್ಲ?" ಎಂದು ನಾವು ಆಕೆಯನ್ನು ಕೇಳಲಿಲ್ಲ, ಉತ್ತರ ನಮಗೆ ಗೊತ್ತಿತ್ತು.

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಜೋಮು ಹಿಡಿಸಿ ಕೆಲಸ ಮುಗಿಸಿದರು. ಮೂರು ರಾತ್ರಿಯೂ ತಲೆದಿಂಬನ್ನು ಎತ್ತರಿಸಿ ಮಲಗಿದೆವು. ಮೂರನೆಯ ರಾತ್ರಿ ಕಾಯಲು ಕುಣಿಗಲಿನಿಂದ ತಂಗಿಯೇ ಬಂದಿದ್ದಳು.